ಉಡಿಯಲ್ಲಿ ಬಂದ ಗರಸು

ಹರಿಹರದ ಆಚೆ ಹೊಳೆದಂಡೆಯಲ್ಲಿ ನಮ್ಮ ಅಪ್ಪನ ಗದ್ದೆಯಿತ್ತು. ಅದರ ಕೆಳಗೆ ಲಕ್ಕಿ, ಹೊಂಗೆಯ ಪೊದೆ. ನೀರುನಾಯಿಗಳು ಮರಿ ಹಾಕುವ ಜಾಗ. ಅಪ್ಪ ತೀರಿಕೊಂಡ ಮೇಲೆ ತಮ್ಮ ತನ್ನ ಪಾಲನ್ನು ಲೇಔಟಿಗೆ ಕೊಟ್ಟ. ಹೊಳೆಯವರೆಗೆ ರಸ್ತೆ ಮಾಡಲು ನನ್ನ ಪಾಲೂ ಬೇಕಿತ್ತು.

ದಾವಣಗೆರೆಯಲ್ಲಿ ನಾವು ಕೆಲವರು ಸೇರಿ ಒಂದು ಟ್ರಸ್ಟ್ ಮಾಡಿಕೊಂಡಿದ್ದೆವು. ದಾನವಾಗಿ ಬಂದ ಭೂಮಿಯಲ್ಲಿ ಬೆಳೆ ಬೆಳೆಯಬೇಕು, ಪೊದೆ ಮುಟ್ಟಬಾರದು, ಎಂದೂ ಸೈಟು ಮಾಡಬಾರದು ಎಂಬುದು ಅದರ ನಿಯಮ. ನನ್ನ ಪಾಲು ಅದಕ್ಕೇ ಎಂದು ತಮ್ಮನಿಗೆ ಮೊದಲೇ ಹೇಳಿದ್ದೆ.

ಆದರೂ ಪಂಚಮಿಗೆ ತವರಿನಿಂದ ಕರೆ ಬಂತು. ಎಂದಿನಂತೆ ಬೆಳಗಿನ ಕೆಲಸ ಮುಗಿಸಿ ದಾವಣಗೆರೆಯ ವಿನೋಬನಗರದ ನನ್ನ ಮನೆಯಿಂದ ಹೊರಟೆ. ಊಟವಾದ ಮೇಲೆ ತಮ್ಮ ಲೇಔಟಿನ ಕಾಗದ ಮುಂದಿಟ್ಟ.

"ಸಹಿ ಹಾಕ್ತೀಯೋ ಇಲ್ಲೋ, ಅಕ್ಕಾ?"

"ಇಲ್ಲಪ್ಪ."

"ಹಂಗಾರೆ ನೀರುನಾಯೀನೇ ತಮ್ಮ ಅನ್ಕ. ಮುಂದಿನ ಪಂಚಮಿಗೆ ಅವೇ ಕರೀಲಿ."

ಹೊರಡುವ ಹೆಣ್ಣುಮಗಳಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಉಡಿ ತುಂಬುವುದು ನಮ್ಮ ಪದ್ಧತಿ. ಮಣೆಯ ಮೇಲೆ ಕೂತು ಸೆರಗು ಒಡ್ಡಿದೆ. ತಮ್ಮನ ಹೆಂಡತಿ ಮೊರ ತಂದು ಮೇಲಿನ ಬಟ್ಟೆ ತೆಗೆದಳು. ಗರಸು. ಲೇಔಟಿನ ರಸ್ತೆಗೆ ಹಾಸುವ ಕೆಂಪು ಗರಸು.

ಅವಳು ಗಂಡನ ಮುಖ ನೋಡಿದಳು. "ಹಾಕು," ಅಂದ ತಮ್ಮ. ಹಾಕಿದಳು.

"ಇನ್ನ ನಿನ್ನ ಗದ್ದೆಗೆ ರಸ್ತೆ ಬೇಕಂದ್ರೆ ಹಿಂಗೇ ಹೊತ್ಕಂಡು ಹೋಗು," ಎಂದು ನಕ್ಕ.

ಉಡಿ ತುಂಬಿಸಿಕೊಂಡವಳು ತವರು ಬರಿದಾಗದಿರಲೆಂದು ಒಂದು ಹಿಡಿಯನ್ನು ಮರಳಿ ಮೊರಕ್ಕೆ ಹಾಕಿ, ಹರಸಿ ಏಳಬೇಕು. ಗಂಡ ಹೆಂಡತಿ ಇಬ್ಬರೂ ಅದನ್ನು ಮರೆತಿದ್ದರು. ನಾನು ಹಿಡಿ ತುಂಬ ಗರಸು ತೆಗೆದೆ.

ಅವಳು ಮೊರ ಹಿಂದಕ್ಕೆಳೆದಳು. "ಬ್ಯಾಡ್ರೀ ಅಕ್ಕಾರೆ, ಮನ್ಯಾಗೆ ಮಗಳು ಬಸ್ರಿ ಅದಾಳೆ."

"ಮೊರ ಇಡಮ್ಮ."

ಇಟ್ಟಳು. ಸುರಿದೆ. "ಈ ಮನಿ ಹಿಂಗೇ ತುಂಬಿರ್ಲಿ," ಅಂದೆ.

ತಮ್ಮನ ನಗೆ ನಿಂತಿತು. ಅವಳು ಕೂತಲ್ಲೇ ಗರಸನ್ನು ಬೆರಳಿನಿಂದ ಒಂದೊಂದಾಗಿ ಆರಿಸತೊಡಗಿದಳು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ.

ಸೆರಗು ಬಿಗಿದು ಗದ್ದೆಯ ತನಕ ನಡೆದೆ. ಉಳಿದದ್ದನ್ನು ಬದುವಿನಾಚೆ, ಅವನ ಪಾಲಿಗೆ ಸುರಿದೆ. ಮರುವಾರ ದಾನಪತ್ರ ನೋಂದಣಿಯಾಯಿತು.

ಲೇಔಟಿನ ರಸ್ತೆ ಆ ಬದುವಿನವರೆಗೆ ಬಂದು ನಿಂತಿದೆ. ಈಚೆ ಭತ್ತ, ಅದರ ಕೆಳಗೆ ಪೊದೆ. ನೀರುನಾಯಿಗಳು ಅಲ್ಲಿಯೇ ಇವೆ.

ಸೋದರಸೊಸೆಗೆ ಹೆರಿಗೆಯಾದದ್ದು ಬಸ್ಸಿನಲ್ಲಿ ಸಿಕ್ಕ ಆ ಊರಿನವರೊಬ್ಬರಿಂದ ತಿಳಿಯಿತು. ತಾಯಿ, ಮಗು ಆರೋಗ್ಯವಾಗಿದ್ದಾರಂತೆ. ತೊಟ್ಟಿಲಿಗೆ ನನ್ನನ್ನು ಕರೆಯಲಿಲ್ಲ. ನನ್ನ ನೆರಳೂ ಮಗುವಿನ ಮೇಲೆ ಬೀಳಬಾರದೆಂದು ಅದರ ಅಜ್ಜಿ ಹೇಳಿದಳಂತೆ.