ಚಿಕ್ಕಪ್ಪನ ಲಗ್ನದ ಮಿಠಾಯಿ

ಇವತ್ತು ಬ್ರೂಸ್‌ಪೇಟೆಯ ಮಿಠಾಯಿ ಅಂಗಡಿಗಳ ಮುಂದೆ ತುಪ್ಪದ ವಾಸನೆ ಮೂಗಿಗೆ ಬಡಿಯಿತು, ಅಜ್ಜಿ ನೆನಪಾದಳು.

ಚಿಕ್ಕಂದಿನಲ್ಲಿ ಸಿರುಗುಪ್ಪದಿಂದ ನನ್ನನ್ನು ಬಸ್ಸಿನಲ್ಲಿ ಕರೆತಂದು, ಇಲ್ಲಿ ಅಂಗಡಿ ಅಂಗಡಿ ಹತ್ತಿ, “ಸಣ್ಣ ಮಗನ ಲಗ್ನ ಐತಿ, ರುಚಿ ತೋರಿಸ್ರಿ” ಎನ್ನುತ್ತಿದ್ದಳು. ಒಂದು ಕಡೆ ಬಾದೂಷಾ, ಇನ್ನೊಂದು ಕಡೆ ಜಹಾಂಗೀರ್. ಆಮೇಲೆ ಖಾನಾವಳಿಯಲ್ಲಿ ಕೂತರೆ ನನಗೆ ಊಟವೇ ಸೇರುತ್ತಿರಲಿಲ್ಲ. ಚಿಕ್ಕಪ್ಪನಿಗೆ ಆಗಲೇ ಇಬ್ಬರು ಮಕ್ಕಳಿದ್ದರು!

ಒಮ್ಮೆ ಅಂಗಡಿಯವನು, “ಹೋದ ಸಲಾನೂ ಸಣ್ಣ ಮಗಂದೇ ಲಗ್ನ ಅಂದಿದ್ರಲ್ಲಮ್ಮಾ?” ಎಂದ. ನಾನು ಬಾಯಲ್ಲಿದ್ದ ಬಾದೂಷಾವನ್ನು ಗಬಕ್ಕನೆ ನುಂಗಿದೆ.

ಅಜ್ಜಿ ನಿಟ್ಟುಸಿರು ಬಿಟ್ಟಳು. “ಆ ಸಂಬಂಧ ಕೂಡಿ ಬರಲಿಲ್ಲಪ್ಪಾ.”

ಅವನು ನಗುತ್ತ ಇನ್ನೊಂದು ತುಂಡು ಕೊಟ್ಟ.

ಇವತ್ತು ಅದೇ ಅಂಗಡಿಯಲ್ಲಿ, ಲಗ್ನಕ್ಕೆ ಬೇಕೆಂದು ಹೇಳಿ, ರುಚಿಗೆ ಒಂದು ತುಂಡು ಕೇಳಿದೆ. “ಯಾರ ಲಗ್ನಾರಿ?” ಎಂದರು ಅಂಗಡಿಯವರು. ನಾನು ಬಾಯಿ ತೆರೆಯುವ ಮೊದಲೇ, ಜೊತೆಗಿದ್ದ, ಈ ಕಥೆಯೆಲ್ಲ ಬಲ್ಲ ಎಪ್ಪತ್ತರ ಚಿಕ್ಕಪ್ಪ ಕೈ ಚಾಚಿದರು: “ನಂದೇ ಐತ್ರಿ. ಈ ಸಲ ಸಂಬಂಧ ಗಟ್ಟಿ ಐತಿ.”