ಬೇಸಿಗೆ ಶಿಬಿರದ ಗೌರವ್ವ ಟೀಚರು

ಶಿವಬಸವ ನಗರದ ನಿವೃತ್ತ ಶಿಕ್ಷಕಿ ಗೌರವ್ವ ಟೀಚರ ಬೇಸಿಗೆ ಶಿಬಿರದಲ್ಲಿ ಮಕ್ಕಳಿಗಷ್ಟೇ ಪ್ರವೇಶ. ಮಗಳ ನೀರಿನ ಬಾಟಲಿ ಹಿಡಿದು ಒಳಗೆ ಕಾಲಿಟ್ಟ ನನ್ನನ್ನು ಮೊದಲ ದಿನವೇ, "ಸಾಹೇಬ್ರ, ನಿಮ್ಮ ಹೆಸರೂ ಬರಕೊಳ್ಳಲೇನ್ರಿ?" ಎಂದು ತಡೆದರು. ಅಲ್ಲಿ ಮಕ್ಕಳೇ ರೊಟ್ಟಿ ಬಡಿಯಬೇಕು. ಅದು ಯಾವ ದೇಶದ ನಕಾಶೆಯಾದರೂ ಬಡಿದವರೇ ತಿನ್ನಬೇಕು. ಅಂಗಿಯ ಗುಂಡಿ ತಾವೇ ಹಚ್ಚಬೇಕು, ಜಗಳ ತಾವೇ ಮುಗಿಸಬೇಕು. ಯಾರಾದರೂ "ಬರಂಗಿಲ್ರಿ ಟೀಚರ್" ಎಂದು ಮುಖ ಬಾಡಿಸಿದರೆ, "ಬಂದಿದ್ರ ಇಲ್ಲಿಗ್ಯಾಕ ಬರ್ತಿದ್ದಿ? ಮಾಡು" ಎನ್ನುತ್ತಾರೆ. ಇವರ ಎದಿ ಕಲ್ಲಿಂದೇ ಎಂದು ಗೇಟಿನ ಹೊರಗೆ ನಾವು ಪಾಲಕರೆಲ್ಲ ಒಮ್ಮತದಿಂದ ಠರಾವು ಮಾಡಿದ್ದೆವು. ಕೊನೆಯ ದಿನ ಹತ್ತಿರದ ಗುಂಜಿ ಊರಿಗೆ ರೈಲು ಪ್ರಯಾಣ. ಪ್ರತಿ ಮಗುವೂ ತನ್ನ ಟಿಕೆಟ್ಟನ್ನು ತಾನೇ ಕೇಳಿ ತರಬೇಕು. ಹೊರಗಿನವರ ಮುಂದೆ ಬಾಯಿಯೇ ಬಿಡದ ನನ್ನ ಮಗಳು ದಾನೇಶ್ವರಿ ಟಿಕೆಟ್ ಕಿಟಕಿಯ ಮುಂದೆ ಕಂಬವಾಗಿ ನಿಂತಳು. ಬೀಳ್ಕೊಡಲು ಬಂದಿದ್ದ ನಾನು ನುಗ್ಗಿದೆ. "ನಿಂದರ್ರಿ ಅಲ್ಲೇ!" ಎಂದರು ಟೀಚರು, ತಿರುಗಿಯೂ ನೋಡದೆ. ಅವರ ಹಿಂದೆ ನಿಂತಾಗಲೇ ನನಗೆ ಕಂಡದ್ದು: ಬೆನ್ನ ಹಿಂದೆ ಅವರ ಎಡಗೈ ಬಲಗೈಯನ್ನು ಬಳೆ ಚರ್ಮಕ್ಕೊತ್ತುವಷ್ಟು ಬಿಗಿಯಾಗಿ ಹಿಡಿದಿತ್ತು, ಬಿಟ್ಟರೆ ಅದೇ ಓಡಿಹೋಗಿ ಟಿಕೆಟ್ ತಂದುಕೊಟ್ಟೀತು ಎಂಬಂತೆ. ಕೊನೆಗೆ ಕಿಟಕಿಯ ಬಳಿ ಸಣ್ಣ ದನಿಯೊಂದು, "ಗುಂಜಿಗೆ ಒಂದ ಹಾಫ್ ಕೊಡ್ರಿ" ಎಂದಿತು. ಟೀಚರು ಮೊದಲು ಉಸಿರು ಬಿಟ್ಟರು, ಆಮೇಲೆ ಕೈ.