ಮೈ ಆರಿದ ಮರಿಗಳು

ಆಗಿನ ಚಳಿಗಾಲಗಳಲ್ಲಿ ನಮ್ಮ ಮನೆಯೊಳಗೆ ಬೆಂಕಿ ಇರುತ್ತಿದ್ದದ್ದು ಎರಡೇ ಕಡೆ. ಒಂದು ಅಡುಗೆಯ ಒಲೆ, ಇನ್ನೊಂದು ಬಾಣಂತಿಯ ಹೊರಸಿನ ಕೆಳಗೆ ಇಡುವ ಕುಳ್ಳಿನ ಬೆಂಕಿ. ನಾನು ಹೇಳಹೊರಟಿರುವ ಆ ಬೆಳಗಿನಲ್ಲಿ ಮನೆಯಲ್ಲಿ ಇದ್ದವರು ಇಷ್ಟು ಜನ: ಹೊರಸಿನ ಮೇಲೆ ಅವ್ವ, ಅವಳ ಮಗ್ಗುಲಲ್ಲಿ ಇನ್ನೂ ಹೆಸರಿಡದ ನನ್ನ ತಮ್ಮ, ಹಿತ್ತಲಲ್ಲಿ ಹಂಡೆಗೆ ಉರಿ ಹಾಕುತ್ತಿದ್ದ ಅಜ್ಜಿ, ಹಂದಿಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಚಿಕ್ಕಪ್ಪ, ಮತ್ತೆ ನಾನು. ಅಪ್ಪ ಹರಪನಹಳ್ಳಿಯ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಸಂತೆ ಮುಗಿದ ಮೇಲೆಯೇ ಅವನು ಊರಿಗೆ ಬರುವುದು.

ನಮ್ಮೂರು ಹಲವಾಗಲಿನ ಆಚೆ, ಹೊಳೆಗೆ ಹತ್ತಿರ. ಎಳ್ಳಮಾಸಿ ಕಳೆದಮೇಲೆ ಹೊಳೆಯ ಮೇಲಿಂದ ಬರುವ ಗಾಳಿ ಮೈಗೆ ತಾಗಿದರೆ ಸಜ್ಜೆ ರೊಟ್ಟಿ ಮುರಿಯಲೂ ಬೆರಳು ಬಗ್ಗುತ್ತಿರಲಿಲ್ಲ. ನಾವು ಹುಡುಗಿಯರು ಆಣೆಕಲ್ಲು ಆಡುವಾಗ ಕಲ್ಲುಗಳನ್ನು ಮೊದಲು ಒಲೆ ಮುಂದೆ ಬೆಚ್ಚಗೆ ಮಾಡಿಕೊಂಡು ಹೊರಗೆ ಒಯ್ಯುತ್ತಿದ್ದೆವು. ಸಾಲದ್ದಕ್ಕೆ ಆ ಬೆಳಗಿನ ಹಿಂದಿನ ಸಂಜೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬೇರೆ ಹುಯ್ದಿತ್ತು.

ತಮ್ಮ ದಿನ ತುಂಬುವ ಮುಂಚೆಯೇ ಹುಟ್ಟಿದವನು. ನನ್ನ ಎರಡು ಅಂಗೈ ಜೋಡಿಸಿದರೆ ಅದರಲ್ಲೇ ಮಲಗುವಷ್ಟು. ಹುಟ್ಟಿದಾಗ ಒರೆಸಿ, ಸುತ್ತಿ ಮಲಗಿಸಿದ್ದರೇ ಹೊರತು ನೀರು ಹಾಕಿರಲಿಲ್ಲ. ಆ ದಿನ ಅಜ್ಜಿ ಅವನಿಗೆ ಮೊದಲ ನೀರು ಹಾಕುವವಳಿದ್ದಳು. ನಮ್ಮ ಕೇರಿಯಲ್ಲಿ ಯಾವ ಕೂಸು ಹುಟ್ಟಿದರೂ ಎರೆಯಲು ನಮ್ಮಜ್ಜಿಯೇ ಆಗಬೇಕು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಬೆನ್ನಿಗೆ ಬಿಸಿನೀರು ಹುಯ್ಯುತ್ತ ನೀವಿದರೆ, ಎಂಥ ರಚ್ಚೆ ಹಿಡಿದ ಕೂಸೂ ತೆಪ್ಪಗಾಗುತ್ತಿತ್ತು. ಆಮೇಲೆ ಲೋಬಾನದ ಹೊಗೆ, ಬಜೆ, ಕಣ್ಣಿಗೆ ಕಾಡಿಗೆ. ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ನನಗೆ ಮಾತ್ರ ಆ ಬೆಳಗ್ಗೆ ಎದ್ದಾಗಿನಿಂದ ತಮ್ಮನದೇ ಅಂಜಿಕೆ. ಹಿಂದಿನ ವರ್ಷ ಇಂಥದೇ ಚಳಿಯಲ್ಲಿ ಅವ್ವನಿಗೆ ಒಂದು ಹೆಣ್ಣುಕೂಸು ಹುಟ್ಟಿತ್ತು. ಅದೂ ಸಣ್ಣದೇ. ಒಂದು ಮಧ್ಯಾಹ್ನ ಮಲಗಿದ್ದು ಮತ್ತೆ ಏಳಲಿಲ್ಲ. ಥಂಡಿ ಹಿಡೀತು ಅಂದರು. ಯಾರ ದೃಷ್ಟಿಯೋ ಅಂದರು. ಅದಕ್ಕೇ ನಾನು ತಮ್ಮನ ಹತ್ತಿರ ಹೋಗಿ ಹೋಗಿ ಅವನ ಮೂಗಿನ ಕೆಳಗೆ ಬೆರಳು ಇಟ್ಟು ನೋಡಿ ಬರುತ್ತಿದ್ದೆ.

ಬೆಳಕು ಹರಿಯುವಾಗ ಚಿಕ್ಕಪ್ಪನ ಹಂದಿ ಈದಿತ್ತು. ಒಂಬತ್ತೋ ಹತ್ತೋ ಮರಿ. ಮೈಮೇಲೆ ಕೂದಲೇ ಇಲ್ಲದ, ಕೆಂಪಗೆ ಹೊಳೆಯುವ ಮರಿಗಳು ಮಳೆಗೆ ರಾಡಿಯಾದ ನೆಲದಲ್ಲಿ ಒಂದರ ಮೇಲೊಂದು ಬಿದ್ದು ಗುಡ್ಡೆಯಾಗಿದ್ದವು. ಅಂಚಿನಲ್ಲಿದ್ದದ್ದು ಮೇಲೆ ಹತ್ತಿ ನಡುವೆ ತೂರಿಕೊಳ್ಳುವುದು, ನಡುವೆ ಇದ್ದದ್ದು ಜಾರಿ ಮತ್ತೆ ಅಂಚಿಗೆ ಬರುವುದು. ಒಟ್ಟು ಗುಡ್ಡೆಯೇ ನಡುಗುತ್ತಿತ್ತು. ಚಿಕ್ಕಪ್ಪ ಅಜ್ಜಿಯ ಕಡೆ ತಿರುಗಿ, ಮನೆ ತುಂಬ ಬಾಣಂತನವಾಯಿತು, ಇನ್ನು ಇವಕ್ಕೂ ಒಂದು ತೊಟ್ಟಿಲು ಕಟ್ಟಬೇಕು ಎಂದು ನಗಾಡಿದ. ಅಜ್ಜಿ, ಮೊದಲು ನೀನೊಂದು ಮದುವೆಯಾಗು, ಆಮೇಲೆ ತೊಟ್ಟಿಲಿನ ಮಾತು ಅಂದಳು.

ಗೂಡಿನ ಹುಲ್ಲೆಲ್ಲ ತೊಯ್ದು ಹೋಗಿತ್ತು. ಎಲ್ಲಿಂದಾದರೂ ಒಣಹುಲ್ಲು ತರುತ್ತೇನೆ ಎಂದು ಚಿಕ್ಕಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡ. ಹೋಗುವಾಗ, ಮರಿಗಳು ಬಿಸುಪಿಗೆ ತಾಯಿಯ ಹೊಟ್ಟೆಯ ಕೆಳಕ್ಕೇ ನುಗ್ಗುತ್ತವೆ, ಅದು ಹೊರಳಿದರೆ ಅಪ್ಪಚ್ಚಿ, ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿ ಹೋದ.

ಅಜ್ಜಿ ನೋಡಿಕೊಂಡಳು. ತನಗೆ ಗೊತ್ತಿದ್ದ ಹಾಗೆ ನೋಡಿಕೊಂಡಳು. ತಾಯಿ ಹಂದಿಗೆ ಮೂಲೆಯಲ್ಲಿ ಮುಸುರೆ ಇಟ್ಟು, ಅದು ಮೂತಿ ಹಾಕಿದ ಹೊತ್ತಿನಲ್ಲಿ ಮರಿಗಳನ್ನು ಬುಟ್ಟಿಗೆ ತುಂಬಿಕೊಂಡು ಹಿತ್ತಲಿಗೆ ತಂದಳು. ಮೈತುಂಬ ರಾಡಿ, ಅದರ ಮೇಲೆ ಹುಟ್ಟಿನ ಲೋಳೆ. ಪಾಪ, ಹಿಂಗ ಬಿಟ್ರ ಥಂಡಿಗೆ ಮೈ ಹಿಡ್ಕಂತಾವ ಎಂದು ಗೊಣಗುತ್ತ ಕಾಲು ಚಾಚಿ ಕೂತಳು. ತಮ್ಮನಿಗೆಂದು ಕಾದಿದ್ದ ಹಂಡೆಯ ನೀರನ್ನು ಹದ ಮಾಡಿಕೊಂಡಳು. ಒಂದೊಂದೇ ಮರಿಯನ್ನು ಕಾಲ ಮೇಲೆ ಹಾಕಿಕೊಂಡು, ಕೂಸಿಗೆ ಎರೆದ ಹಾಗೆಯೇ ಎರೆದಳು. ಮರಿಗಳು ಬಿಸಿನೀರಿಗೆ ಸುಮ್ಮನಾಗಿ ಕಣ್ಣುಮುಚ್ಚಿದವು. ಒರೆಸಲು ಇದ್ದ ಹಳೆ ಸೀರೆಯ ತುಂಡು ಮೊದಲ ಕೆಲವು ಮರಿಗಳಿಗೇ ತೊಯ್ದು ತೊಪ್ಪೆಯಾಯಿತು. ಉಳಿದವನ್ನೆಲ್ಲ ಹಾಗೇ ಗೋಣಿಚೀಲದ ಮೇಲೆ ಎಳೆಬಿಸಿಲಿಗೆ ಸಾಲಾಗಿ ಮಲಗಿಸಿ, ಆರಲಿ, ನಾಯಿ ಬರದಂಗ ನೋಡ್ಕೋ ಎಂದು ನನ್ನನ್ನು ಕೂರಿಸಿ ಒಳಗೆ ಬೇರೆ ಬಟ್ಟೆ ಹುಡುಕಲು ಹೋದಳು.

ಬಿಸಿಲೇನೋ ಇತ್ತು. ಅದರ ಜೊತೆಗೆ ಹೊಳೆಯ ಗಾಳಿಯೂ ಇತ್ತು. ಮೊದಮೊದಲು ಮರಿಗಳು ಗಡಗಡ ನಡುಗಿದವು. ಮತ್ತೆ ಗುಡ್ಡೆಯಾಗಲು ತೆವಳಿದವು. ಆಮೇಲೆ ಒಂದು ನಡುಗುವುದನ್ನು ನಿಲ್ಲಿಸಿತು. ಇನ್ನೊಂದೂ ನಿಲ್ಲಿಸಿತು. ನಾನು ಕೂಗಿ ಹೇಳಿದೆ. ಅಜ್ಜಿ ಒಳಗಿಂದಲೇ, ನೀರು ಬಿದ್ದಮ್ಯಾಲೆ ಸುಖ ನಿದ್ದಿ ಹತ್ತಿರತೈತಿ, ಮಕ್ಕಂಬಲಿ ಬಿಡು ಅಂದಳು.

ನಾನು ಒಂದನ್ನು ಮುಟ್ಟಿದೆ. ಹೊಳೆದಂಡೆಯ ಕಲ್ಲು ಮುಟ್ಟಿದ ಹಾಗಾಯಿತು. ಕಾಲು ಹಿಡಿದು ಎತ್ತಿದರೆ ಕಾಲು ನಾನು ಎತ್ತಿದಲ್ಲೇ ನಿಂತಿತು. ತುಟಿ ಬೂದಿಬಣ್ಣ.

"ಅಜ್ಜೀ, ಮರಿ ಆರ್ಯಾವ."

"ಆರಿದ್ರ ಒಳಗ ತಗಂಬಾ."

"ಹಂಗಲ್ಲಜ್ಜಿ. ಮೈ ಆರ್ಯಾವ."

ನಮ್ಮ ಭಾಷೆಯಲ್ಲಿ ಒಂದೇ ಮಾತು ಎಷ್ಟೊಂದು ಕೆಲಸ ಮಾಡುತ್ತದೆ. ಬಟ್ಟೆ ಆರುತ್ತದೆ, ಸಾರು ಆರುತ್ತದೆ, ದೀಪವೂ ಆರುತ್ತದೆ. ನಾನು ಯಾವುದನ್ನು ಹೇಳುತ್ತಿದ್ದೇನೆ ಎಂದು ಅಜ್ಜಿಗೆ ಮೊದಲು ತಿಳಿಯಲೇ ಇಲ್ಲ. ಬಟ್ಟೆ ಹಿಡಿದು ನಗುತ್ತಲೇ ಹೊರಬಂದವಳು ಒಂದು ಮರಿಯನ್ನು ಎತ್ತಿಕೊಂಡಳು. ನಗು ಹಾಗೇ ಮುಖದ ಮೇಲೆ ನಿಂತುಬಿಟ್ಟಿತು.

ಅಷ್ಟರಲ್ಲಿ ಚಿಕ್ಕಪ್ಪ ಬಂದ. ಹುಲ್ಲಿನ ಹೊರೆ ಅಲ್ಲೇ ಕೆಡವಿದ. ಒಂದು ಮರಿಯ ಬಾಯೊಳಗೆ ಕಿರುಬೆರಳು ಇಟ್ಟು ನೋಡಿದ, ಇನ್ನೊಂದರ ಬಾಯಿ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಅದಕ್ಕೇ ನನಗೆ ಇನ್ನೂ ಅಂಜಿಕೆಯಾಯಿತು.

"ಯಾರು ತೊಯ್ಸಿದ್ರು?"

"ತೊಯ್ಸಿಲ್ಲೋ, ಎರದೀನಿ. ಬಿಸಿನೀರಾಗ," ಅಂದಳು ಅಜ್ಜಿ.

"ಬಿಸಿನೀರಾದ್ರೂ ನೀರಾ ಯವ್ವ. ಆರೂವಾಗ ಮೈಯಾಗಿನ ಕಾವು ಕುಡದು ಆರ್ತೈತಿ. ಇವಕ್ಕ ಕೂದ್ಲಿಲ್ಲ, ಚರ್ಬಿಲ್ಲ. ಇರೂದು ಒಂದೀಟು ಕಾವು."

ಅವನು ಒಲೆಯ ಬಿಸಿಬೂದಿ ತರಲು ನನ್ನನ್ನು ಓಡಿಸಿದ. ಬೂದಿ ಬಳಿದು ಹಸಿ ಹೀರಿಸಿ, ಒಣಹುಲ್ಲಿನಿಂದ ತಿಕ್ಕತೊಡಗಿದ. ಗಾಳಿ ಬಿಡಲಿಲ್ಲ. ಒಳಗಿನಿಂದ ಅವ್ವ ಎಲ್ಲ ಕೇಳಿಸಿಕೊಂಡಿದ್ದಳೋ ಏನೋ, ಹೊರಸಿನ ಕೆಳಗೆ ಬೆಂಕಿ ಇದೆ, ಇಲ್ಲಿಗೆ ತನ್ನಿ ಎಂದು ಕೂಗಿದಳು. ಬಾಣಂತಿಯ ಕೋಣೆಗೆ ಗಂಡಸೇ ಕಾಲಿಡುತ್ತಿರಲಿಲ್ಲ, ಇನ್ನು ಹಂದಿ. ಚಿಕ್ಕಪ್ಪ ಬಾಗಿಲಲ್ಲೇ ತಡೆದು ನಿಂತ. ಅವ್ವ ಅಂದಳು, "ಜೀವ ಹೋದಮ್ಯಾಲೆ ಕುಂತು ನಾಚಿಕೊಳ್ಳೂಣು. ಈಗ ತರ್ರಿ."

ಹೀಗೆ ಹೊರಸಿನ ಮೇಲೆ ನನ್ನ ತಮ್ಮ, ಕೆಳಗೆ ಬೂದಿ ಬಳಿದ ಮರಿಗಳು. ಚಿಕ್ಕಪ್ಪ ತಾಯಿ ಹಂದಿಯ ಮೊದಲ ಹಾಲು ಹಿಂಡಿ ತಂದು, ಬಾಯಿ ಬೆಚ್ಚಗಾದ ಮರಿಗಳಿಗೆ ಬೆರಳಿನಿಂದ ಸವರಿದ. ಒಂದು ಮರಿಯನ್ನು ನನ್ನ ಪೋಲಕದೊಳಗೆ ಹಾಕಿ, ಅಲುಗಾಡಬೇಡ ಅಂದ. ಆ ತಣ್ಣನೆಯದು ನನ್ನ ಹೊಟ್ಟೆಗೆ ಅಂಟಿಕೊಂಡಾಗ ನನಗೇ ಉಸಿರು ಕಟ್ಟಿತು. ಸತ್ತದ್ದನ್ನು ಇಟ್ಟುಕೊಂಡು ಕೂತಿದ್ದೇನೋ ಬದುಕಿದ್ದನ್ನೋ ಗೊತ್ತಿಲ್ಲ. ಎಷ್ಟೋ ಹೊತ್ತಿನ ಮೇಲೆ ಅದು ಒಮ್ಮೆ ಬಿರ್ರನೆ ನಡುಗಿತು. ನಾನು ಬೆದರಿ ಕಿರುಚಿದೆ.

"ನಡುಗಿದ್ರ ಛಲೋನ," ಅಂದ ಚಿಕ್ಕಪ್ಪ. "ನಡುಗೂದು ಅಂದ್ರ ಇನ್ನಾ ಹೊಡೆದಾಡಾಕ ಹತ್ತೈತಿ ಅಂತ. ಸುಮ್ಮನಾದ್ರ ಅಂಜಬೇಕು."

ಆ ಮಾತು ನನ್ನೊಳಗೆ ಹೊಕ್ಕದ್ದೇ ತಡ, ನಾನು ತಲೆ ಎತ್ತಿ ತಮ್ಮನನ್ನು ನೋಡಿದೆ. ಅವನು ಸುಮ್ಮನಿದ್ದ. ಕೈ ಚಾಚಿ ಅವನ ಪಾದ ಹಿಡಿದೆ. ತಣ್ಣಗಿತ್ತು. ಹಿತ್ತಲಲ್ಲಿ ಹಂಡೆಯ ಕೆಳಗೆ ಉರಿ ಚಟಪಟ ಅನ್ನುತ್ತಿತ್ತು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ತಪ್ಪಿದ ಕೆಲಸವನ್ನು ಗೊತ್ತಿರುವ ಕೆಲಸದಿಂದ ಮುಚ್ಚುವ ಅವಸರ ಅವಳಿಗೆ. ಕೂಸು ಕೊಡವ್ವ, ನೀರು ಕಾದಾವ ಅಂದಳು. ನಾನು ತಮ್ಮನ ಪಾದ ಬಿಡಲಿಲ್ಲ.

ಅವ್ವ ತಮ್ಮನನ್ನು ಕೊಡಲಿಲ್ಲ. ಮೆಲ್ಲಗೆ ಅಂದಳು.

"ಅತ್ತಿ, ಹೋದ ವರ್ಷದ ಹುಡುಗೀನೂ ನೀರು ಹಾಕಿದಮ್ಯಾಲೆ ನಡುಗೂದು ನಿಲ್ಲಿಸಿದ್ಲು. ನೀವು ಸುಖ ನಿದ್ದಿ ಅಂದ್ರಿ."

ಕೆಳಗೆ ಒಂದು ಮರಿ ಕುಂಯ್ ಅಂದಿತು. ಅಜ್ಜಿ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು, ಅವು ಯಾರವೋ ಅನ್ನುವ ಹಾಗೆ. ಆಮೇಲೆ ಹಿತ್ತಲಿಗೆ ಹೋದಳು. ಹಂಡೆ ಉರುಳಿದ ಸದ್ದಾಯಿತು. ಬಾಗಿಲಿಂದ ನೋಡಿದರೆ ನೀರು ಹಿತ್ತಲ ತುಂಬ ಹರಿದು, ನೆಲದಿಂದ ಬಿಳಿಯ ಹಬೆ ಏಳುತ್ತಿತ್ತು. ಅದರ ನಡುವೆ ಅಜ್ಜಿ ನಿಂತಿದ್ದಳು.

ಒಳಗೆ ಬಂದವಳು ಅವ್ವನ ಕುಬಸದ ಗಂಟು ತಾನೇ ಬಿಚ್ಚಿದಳು. ತಮ್ಮನ ಸುತ್ತಿನ ಬಟ್ಟೆ ತೆಗೆದು ಬರಿಮೈಯಲ್ಲೇ ಅವ್ವನ ಎದೆಗೆ ಅವುಚಿ ಮಲಗಿಸಿ, ಮೇಲೆ ಕಂಬಳಿ ಹೊದಿಸಿದಳು. ಮರಿ ತಾಯಿ ಹೊಟ್ಟಿಗೆ ಬಿದ್ದಂಗ ಬಿದ್ಕಳ್ಳಿ ಅಂದಳು. ಎಷ್ಟೋ ಹೊತ್ತಿಗೆ ಕಂಬಳಿಯೊಳಗಿಂದ ತಮ್ಮನ ಅಳು ಕೇಳಿದಾಗ ಚಿಕ್ಕಪ್ಪ ಗೋಡೆ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡ.

ಮರಿಗಳಲ್ಲಿ ಅರ್ಧ ಉಳಿದವು, ಅರ್ಧ ಉಳಿಯಲಿಲ್ಲ. ನನ್ನ ಪೋಲಕದೊಳಗಿನದು ಉಳಿಯಿತು. ಚಿಕ್ಕಪ್ಪ ಗೂಡಿನ ಮೂಲೆಗೆ ಅಡ್ಡ ಬೊಂಬು ಕಟ್ಟಿ, ತಾಯಿ ಹೊರಳಿದರೂ ಮುಟ್ಟದ ಹಾಗೆ ಮರಿಗಳಿಗೆ ಒಣಹುಲ್ಲಿನ ಜಾಗ ಮಾಡಿಕೊಟ್ಟ. ತಮ್ಮನಿಗೆ ಮೊದಲ ನೀರು ಬಿದ್ದದ್ದು ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ.

ಈಗ ಅವನು ಹರಪನಹಳ್ಳಿಯಲ್ಲಿ ಸಂಬಳದ ಕೆಲಸದಲ್ಲಿದ್ದಾನೆ. ನಮ್ಮ ಕೇರಿಯಲ್ಲಿ ಹಂದಿಗೂಡುಗಳಿಲ್ಲ, ಕುಳ್ಳಿನ ಬೆಂಕಿಯಿಲ್ಲ, ಕೂಸನ್ನು ಕಾಲ ಮೇಲೆ ಹಾಕಿಕೊಳ್ಳುವಷ್ಟು ಬಗ್ಗುವ ಸೊಂಟಗಳೂ ಇಲ್ಲ. ಹೋಗಲಿ, ಅವುಗಳಲ್ಲಿ ಹೋಗಬೇಕಾದವೂ ಇದ್ದವು. ನಾನು ಕಳೆದುಕೊಂಡದ್ದು ಬೇರೆ. ಜನ್ಮವೆಲ್ಲ ಹೊಗಳಿಸಿಕೊಂಡ ತನ್ನ ಕೈಗಳನ್ನೇ ಒಂದು ಬೆಳಗಿನಲ್ಲಿ ಅನುಮಾನದಿಂದ ನೋಡಿಕೊಂಡ ಅಂಥ ಮನುಷ್ಯರು ಆಮೇಲೆ ನನಗೆ ಹೆಚ್ಚು ಸಿಗಲಿಲ್ಲ.

ಮರುವರ್ಷದ ಚಳಿಯಲ್ಲಿ ಹಿಂದಿನ ಓಣಿಯ ಮನೆಯೊಂದರಲ್ಲಿ ಗುಬ್ಬಿಯಂಥ ಕೂಸು ಹುಟ್ಟಿತು. ನೀರು ಹಾಕಲು ಅಜ್ಜಿಗೆ ಹೇಳಿಕಳಿಸಿದರು. ಅವಳ ಜೊತೆ ನಾನೂ ಹೋದೆ. ಅಜ್ಜಿ ಕೂಸಿನ ಪಾದ ಮುಟ್ಟಿ, ಇವತ್ತು ಬೇಡ, ತಾಯಿಯ ಎದೆಗೆ ಹಾಕಿ ಹೊದಿಸಿರಿ ಅಂದಳು. ಮುದುಕಿಗೆ ಅರಳುಮರಳು ಅಂದರು. ಸೋಮಾರಿತನ ಅಂತಲೂ ಅಂದರು. ಎರೆಯಲು ಇನ್ನೊಬ್ಬಳನ್ನು ಕರೆಸಿದರು. ಅವಳು ಬಿಸಿನೀರಿನ ಕೊಡ ಹಿಡಿದು ಬರುವ ಹೊತ್ತಿಗೆ ಅಜ್ಜಿ ಬಾಣಂತಿ ಕೋಣೆಯ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಬೈದರು, ಏಳಲಿಲ್ಲ. ಕೈಹಿಡಿದು ಎಳೆದರು, ಏಳಲಿಲ್ಲ. ಕೊಡದ ನೀರು ಅಲ್ಲೇ ತಣ್ಣಗಾಯಿತು. ಹೊತ್ತು ಇಳಿದು, ಒಳಗೆ ಕೂಸು ಮೊಲೆ ಚೀಪುವ ಸದ್ದು ಕೇಳಿದ ಮೇಲೆ ನನ್ನ ಹೆಗಲು ಹಿಡಿದು ಎದ್ದು ಮನೆಗೆ ಬಂದಳು.